ಸೆಂಡಾಯ್‌ನಲ್ಲಿ ತಿದ್ದಿ ಬಂದ ಪ್ರಶ್ನೆ

ಜಪಾನಿನ ಸೆಂಡಾಯ್‌ನ ವಿಚಾರ ಸಂಕಿರಣದ ವಿಷಯ, ಕಮ್ಯುನಿಸಂ ಬಿಟ್ಟ ದೇಶಗಳಲ್ಲಿ ಪ್ರಜಾಪ್ರಭುತ್ವ. ಆದರೆ ಪ್ರಶ್ನೆಗಳನ್ನು ಹಿಂದಿನ ಸಂಜೆಯೇ ಬರೆದು ಕೊಡಬೇಕಂತೆ! ನಮ್ಮ ಕಾಲೇಜು ಡಿಬೇಟಿನಲ್ಲಿ ಇದಕ್ಕೆ ಕಳ್ಳಾಟ ಅನ್ನುತ್ತಿದ್ದೆವು. ಮಧ್ಯ ಏಷ್ಯಾದಿಂದ ಬಂದಿದ್ದ ಪ್ರೊಫೆಸರಮ್ಮನಿಗೆ ನನ್ನ ಪ್ರಶ್ನೆ ಇಷ್ಟೇ: "ನಿಮ್ಮ ಅಧ್ಯಕ್ಷರು ಸೋಲುವಂಥ ಚುನಾವಣೆ ನಿಮ್ಮಲ್ಲಿ ಸಾಧ್ಯವೇ?" ಬೆಳಿಗ್ಗೆ ಸಂಘಟಕ ಓಗಾವಾ ಸಾನ್ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ತಲೆಬಾಗಿ ಚೀಟಿ ಹಿಂದಿರುಗಿಸಿದರು. ಅದರಲ್ಲೀಗ "ಚುನಾವಣಾ ಸುಧಾರಣೆಯ ಸವಾಲುಗಳೇನು?" ಎಂದಿತ್ತು.

"ಇದು ಚರ್ಚೆನಾ, ನಾಟಕನಾ?" ಎಂದು ಪಕ್ಕದಲ್ಲಿದ್ದ ಶುಭಾರನ್ನು ಕೇಳಿದೆ. ಅವರು ಇಲ್ಲಿ ಪಿಎಚ್.ಡಿ. ಮಾಡುತ್ತಿರುವ ಮೈಸೂರಿನವರು.

"ಇಲ್ಲಿ ಮೀಟಿಂಗ್‌ಗೆ ಮುಂಚೇನೇ ಮೀಟಿಂಗ್ ಮುಗಿದಿರತ್ತೆ ಕಣ್ರೀ. ಸುಮ್ನೆ ಓದಿಬಿಡಿ."

ಓದಿದೆ. ಉತ್ತರ ಸೊಗಸಾಗಿತ್ತು, ಪೊಳ್ಳಾಗಿತ್ತು. ಮುಜುಗರಕ್ಕೆ ಅಂಜಿದ ಆತಿಥೇಯರದೇ ಕೈವಾಡ ಎಂದುಕೊಂಡೆ.

ಕಾಫಿ ವಿರಾಮದಲ್ಲಿ ಪ್ರೊಫೆಸರಮ್ಮ ತಾವಾಗಿಯೇ ನಮ್ಮಿಬ್ಬರ ಬಳಿ ಬಂದರು. "ನಿಮ್ಮ ಪ್ರಶ್ನೆ ಬದಲಿಸಿದ್ದು ನಾನು," ಎಂದರು ಮೆಲ್ಲಗೆ. "ಮೂರನೇ ಸಾಲಿನ ಆ ಇಬ್ಬರು ನಮ್ಮ ರಾಯಭಾರ ಕಚೇರಿಯವರು. ನನ್ನ ಮಗಳು ಊರಿನಲ್ಲೇ ಇದ್ದಾಳೆ."

ಅವರು ನನ್ನನ್ನೇ ದಿಟ್ಟಿಸಿದರು. "ಜಪಾನಿಗೆ ಬರುವ ಭಾರತೀಯರೆಲ್ಲ ಕಂಪ್ಯೂಟರಿನ ವೈಟುಕೆ ದೋಷ ಸರಿಪಡಿಸುವವರು. ಇಂಥ ಪ್ರಶ್ನೆ ಕೇಳಿ ನನ್ನನ್ನು ಪರೀಕ್ಷಿಸು ಅಂತ ನಿಮಗೆ ಯಾರು ಹೇಳಿಕೊಟ್ಟರು? ಆ ಇಬ್ಬರೇ?"

"ಯಾರೂ ಇಲ್ಲ. ಅದು ನನ್ನದೇ."

ಅವರು ಶುಭಾ ಕಡೆ ತಿರುಗಿದರು. "ಇವರು ನಿಮಗೆ ಎಷ್ಟು ಕಾಲದಿಂದ ಗೊತ್ತು?"

"ನಿನ್ನೆ ಸಂಜೆಯಿಂದ," ಎಂದುಬಿಟ್ಟರು ಶುಭಾ.

ಪ್ರೊಫೆಸರಮ್ಮ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು, ಸಭಾಂಗಣದೊಳಗೆ ಹೋಗಿ ಕೂತರು, ಮೂರನೇ ಸಾಲಿನಲ್ಲಿ, ಆ ಇಬ್ಬರ ಪಕ್ಕದಲ್ಲೇ.