ಬೋನ್‌ಲೆಸ್ ಎಂಬ ಮೀನು

ಸಮುದ್ರದಲ್ಲಿ ಬೋನ್‌ಲೆಸ್ ಎಂಬ ಹೆಸರಿನ ಒಂದು ಮೀನು ಇದೆ ಎಂದೇ ನಾನು ಇತ್ತೀಚಿನವರೆಗೂ ನಂಬಿದ್ದೆ. ಅದೂ ಶಾಲೆಯಲ್ಲಿ ಭೂಗೋಳ ಕಲಿಸುವವಳು! ನಕಾಶೆಯಲ್ಲಿ ಅರಬ್ಬಿ ಸಮುದ್ರವನ್ನು ಕೋಲಿನಿಂದ ತೋರಿಸುವಾಗ ನನ್ನ ಗತ್ತು ನೀವು ನೋಡಬೇಕು.

ತಪ್ಪು ನನ್ನೊಬ್ಬಳದಲ್ಲ. ಸುರಪುರದ ನಮಗೆಲ್ಲ ಸಮುದ್ರವೆಂದರೆ ರಂಗಂಪೇಟೆಯ ಮೀನಂಗಡಿ ಮೌಲಾಸಾಬ ತೆರೆಯುವ ಥರ್ಮಾಕೋಲ್ ಪೆಟ್ಟಿಗೆ. ನಾರಾಯಣಪುರ ಜಲಾಶಯದ ಮೀನಾದರೆ ತಲೆ, ಬಾಲ ಸಮೇತ ನಮ್ಮೆದುರು ಬಂದು ಬೀಳುತ್ತದೆ. ಸಮುದ್ರದ್ದು ಐಸಿನಡಿಯಿಂದ ಬಿಳಿ ತುಂಡುಗಳಾಗಿಯೇ ಏಳುತ್ತದೆ. ರೊಟ್ಟಿ ಮುರಿದು ಗಬಗಬ ಉಣ್ಣುವ ನಮಗೆ ಮುಳ್ಳು ಆರಿಸುವ ಸಹನೆ ಎಲ್ಲಿಂದ ಬರಬೇಕು? ಹಾಗಾಗಿ ನೆಂಟರಿಗೂ ಬೋನ್‌ಲೆಸ್, ಮಕ್ಕಳಿಗೂ ಬೋನ್‌ಲೆಸ್, ಹಲ್ಲು ಬಿದ್ದವರಿಗಂತೂ ಬೋನ್‌ಲೆಸ್ಸೇ. ಅದು ಯಾರ ಕೂಸು ಎಂದು ನಾವ್ಯಾರೂ ಕೇಳಿರಲಿಲ್ಲ.

ಈಚೆಗೆ ಮಗಳು ಸುನೀತಾ ಬಾಣಂತನಕ್ಕೆ ಮನೆಗೆ ಬಂದಳು. ಎದೆಹಾಲು ಸಾಲುತ್ತಿರಲಿಲ್ಲ. ಕೂಸು ಅತ್ತರೆ ಅವಳೂ ಅಳುತ್ತಿದ್ದಳು. ಅಳವಿ ಬೀಜದ ಪಾಯಸವಾಯಿತು, ಸಬ್ಬಸಿಗೆ ಪಲ್ಯವಾಯಿತು, ಬೆಳ್ಳುಳ್ಳಿಯಂತೂ ಲೆಕ್ಕವಿಲ್ಲ. ಮನೆಗೆ ಬಂದ ನರ್ಸ್, "ಕೂಸನ್ನ ಪದೇ ಪದೇ ಎದಿಗಿ ಹಚ್ಚ್ರಿ, ಹೆದರಬ್ಯಾಡ್ರಿ, ಬರ್ತದ" ಎಂದಳು. ಬಾಯಿಗೆ ಹಾಕದ ಔಷಧಿಯನ್ನು ನಮ್ಮ ಅತ್ತೆ ನಂಬುವವರಲ್ಲ. "ಆ ಬಿಳಿ ಮೀನ ತಂದ ಹಾಕು. ಕಾಲ್ವಿಗಿ ನೀರ ಬಿಟ್ಟಂಗ ಹಾಲ ಬರ್ತದ" ಎಂದರು.

ಬೆಳಿಗ್ಗೆ ಬೇಗನೆ ಅಂಗಡಿಗೆ ಹೋದದ್ದೇ ಎಡವಟ್ಟಾಯಿತು. ಮೌಲಾಸಾಬ ಇನ್ನೂ ಕೊಯ್ದಿರಲಿಲ್ಲ. ಐಸಿನ ಮೇಲೆ ಬೂದು ಮೈ, ಚೂಪು ರೆಕ್ಕೆ, ಮೂತಿಯ ಕೆಳಗೆ ಬಾಯಿ. ಅದೇ ಮುಖವನ್ನು ನಾನು ತರಗತಿಯ ಗೋಡೆಯ ಚಿತ್ರದಲ್ಲಿ ವರ್ಷಗಟ್ಟಲೆ ನೋಡಿದ್ದೇನೆ.

"ಇದು ಶಾರ್ಕ್ ಅಲ್ಲೇನಪಾ?"

"ಅದರ ಮರೀರಿ ಅಕ್ಕೋರ. ಇದನ್ನ ಕೊಯ್ದ್ರನ ನಿಮ್ಮ ಬೋನ್‌ಲೆಸ್" ಎಂದ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಶಾರ್ಕ್ ದೊಡ್ಡದಾಗಲು ಬಹಳ ವರ್ಷ ಬೇಕು, ಅನೇಕ ಜಾತಿಗಳು ತಿಂಗಳುಗಟ್ಟಲೆ ಬಸುರಿದ್ದು ಕೆಲವೇ ಮರಿ ಹಾಕುತ್ತವೆ, ಹೀಗೇ ಹಿಡಿದರೆ ಸಂತತಿ ಉಳಿಯದು ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಪಾಠ ಮುಗಿಸಿ ಮನೆಗೆ ಬಂದು ಅದೇ ಮರಿಗಳಿಗೆ ಖಾರ ಹಚ್ಚಿ ಹುರಿದವಳೂ ನಾನೇ. ಆದರೂ ಕಿವಿಯಲ್ಲಿ ಕೂಸಿನ ಅಳು. ನಾನು ಬಿಟ್ಟರೆ ಇದೇನು ಎದ್ದು ಈಜುತ್ತದೆಯೇ ಎಂದೂ ಅನ್ನಿಸಿತು.

"ಲಗೂ ಹೇಳ್ರಿ ಅಕ್ಕೋರ, ಇದಕ್ಕ ಗಿರಾಕಿ ಭಾಳ. ಇವತ್ತ ಖಾಲಿ ಆದ್ರ ಮುಂದಿನ ವಾರ ಇನ್ನೊಂದ ಪೆಟ್ಟಿಗಿ ಹೆಚ್ಚಿಗಿ ಹೇಳ್ತೀನಿ."

ಆ ಮಾತಿನಿಂದ ನನಗೆ ದಾರಿ ಕಾಣಿಸಿತು. ಇದು ಸತ್ತದ್ದು ಸತ್ತಿತು; ಆದರೆ ಮುಂದಿನ ವಾರದ ಪೆಟ್ಟಿಗೆಯ ಮರಿಗಳು ಇನ್ನೂ ನೀರಿನಲ್ಲಿವೆ. ನಾನು ನಾರಾಯಣಪುರದ ಕಾಟ್ಲಾ ಮೀನು ತೂಗಿಸಿಕೊಂಡು ಬಂದೆ.

ಅತ್ತೆ ಚೀಲಕ್ಕೆ ಇಣುಕಿದರು. ನಾನು ಕಾರಣ ಹೇಳಿ ಮುಗಿಸುವ ಮೊದಲೇ, "ಮನಿ ಕೂಸಿನಕಿಂತ ಮೀನಿನ ಮರಿ ಹೆಚ್ಚಾತೇನ ನಿನಗ?" ಎಂದರು. ಆ ಮಾತು ನಾಟಿತು. ನಿಜವಾಗಿ ಹಾಲು ಬರದಿದ್ದರೆ?

ಒಳಕೋಣೆಯಿಂದ ಸುನೀತಾ ಕೇಳಿದಳು: "ಅವ್ವಾ, ಆ ಶಾರ್ಕ್ ತನ್ನ ಮರಿಗಿ ಹಾಲ ಕುಡಸ್ತದೇನು?"

"ಇಲ್ಲವಾ. ಮೀನಿಗೆಲ್ಲಿ ಹಾಲು? ಹುಟ್ಟಿದ ಮರಿ ತನ್ನ ಪಾಡಿಗಿ ತಾನ ಈಸಿ ಹೋಗ್ತದ."

"ಹಂಗಾದ್ರ ಆಯಿ, ತನ್ನ ಮರಿಗೇ ಇಲ್ಲದ ಹಾಲು ನನಗೆಲ್ಲಿಂದ ತಂದ ಕೊಡ್ತದ?" ಎಂದು ಅಜ್ಜಿಯನ್ನೇ ಕೇಳಿದಳು.

ಅತ್ತೆಯೇ ಮೊದಲು ನಕ್ಕರು. ಸುನೀತಾ ಎಷ್ಟೋ ದಿನದ ಮೇಲೆ ನಕ್ಕದ್ದು ಕೇಳಿ ನನಗೆ ಕಣ್ಣು ತುಂಬಿತು.

ಹಾಲು ನಿಧಾನವಾಗಿ ಬಂತು. ಅಳವಿಯಿಂದ ಎಂದು ಅತ್ತೆ, ತನ್ನ ಕಾಟ್ಲಾದಿಂದ ಎಂದು ಮೌಲಾಸಾಬ, ಕೂಸು ಚೀಪಿದ್ದರಿಂದ ಎಂದು ನರ್ಸ್. ಶಾರ್ಕಿನ ಹೆಸರನ್ನು ಮಾತ್ರ ಯಾರೂ ಎತ್ತುತ್ತಿಲ್ಲ. ಸಮುದ್ರದಲ್ಲಿ ಬಸುರಾಗಿರುವ ಯಾವುದೋ ತಾಯಿಗೆ ನಮ್ಮಿಂದ ಅಷ್ಟಾದರೆ ಸಾಕು.