ಬಿಗಿಯಾದ ತೋಳು

ನಮ್ಮ ಬೀದಿಗೆ ಹೊಸಬರು ಯಾರೇ ಬಾಡಿಗೆಗೆ ಬರಲಿ, ಟೈಲರ್ ಮತ್ತು ಅವರ ಹೆಂಡತಿಯ ಪ್ರೇಮಕಥೆ ಕಿವಿಗೆ ಬೀಳದೆ ಇರುವುದಿಲ್ಲ. ಆ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಹದಿನಾರು ವರ್ಷದ ಹಿಂದೆ ಅಕ್ಕ ಟೈಲರ್ ಅಂಗಡಿಯಲ್ಲಿ ಕೋಟು ಹೊಲಿಯಲು ಕೊಟ್ಟಿದ್ದಳು. ಟೈಲರ್ ಬೇಕೆಂದೇ ತೋಳು ಬಿಗಿ ಮಾಡಿದರು. ಸರಿಮಾಡುವ ನೆಪದಲ್ಲಿ ನಾಲ್ಕು ಸಲ ಅಲೆಸಿದರು. ಐದನೆಯ ಸಲ ಬಂದವಳು ವಾಪಸು ಹೋಗಲೇ ಇಲ್ಲ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ಆಮೇಲೇನಾಯಿತು ಎಂದು ಒಬ್ಬರೂ ಕೇಳುವುದಿಲ್ಲ.

ಆಮೇಲಿನದು ಪಕ್ಕದ ಇಸ್ತ್ರಿ ಅಂಗಡಿಯವಳಾದ ನನಗೆ ಗೊತ್ತು. ನಡುವೆ ಇರುವುದು ಬರೀ ಸಂದು ಬಿಟ್ಟ ಹಲಗೆಯ ಗೋಡೆ. ಟೈಲರ್ ಮುಂದೆ ಯಂತ್ರ ತುಳಿಯುತ್ತಾರೆ, ಅಕ್ಕ ಹಿಂದೆ ಕೂತು ಕಾಜಾ ಹೊಲಿದು ಗುಂಡಿ ಹಚ್ಚುತ್ತಾಳೆ. ಮಾತೆಂದರೆ ದಾರ ಕೇಳುವುದು, ದಾರ ಕೊಡುವುದು. ಸಂಜೆಯ ಹೊತ್ತಿಗೆ ಅವಳ ಕತ್ತು ಮರಗಟ್ಟಿರುತ್ತದೆ.

ಹೀಗಿರುವಾಗ ಒಬ್ಬ ಟೀಚರಮ್ಮ ಕೋಟಿಗೆ ಅಳತೆ ಕೊಡಲು ಬಂದರು. ಟೈಲರ್ ಕೈಚಳಕವನ್ನು ಹೊಗಳಿ, ಅರ್ಧ ಗಂಟೆ ಕೂತು ಹರಟಿದರು. ಸದಾ ಮುಖ ಗಂಟಿಕ್ಕಿಕೊಂಡಿರುವ ಮನುಷ್ಯ ಮರುದಿನ ಗಡ್ಡ ಬೋಳಿಸಿಕೊಂಡು ಬಂದರು! ವಾರಕ್ಕೆರಡು ಸಲ ಟ್ರಯಲ್ ಶುರುವಾಯಿತು. ನನಗೆ ಮೈಯೆಲ್ಲ ಉರಿಯಿತು. ಅಕ್ಕನಿಗೆ ಹೇಳಲೋ ಬೇಡವೋ ಎಂದು ಒದ್ದಾಡಿದೆ.

ಹೇಳಬೇಕಾಗಲಿಲ್ಲ. ಗುಂಡಿ ಹಚ್ಚಲು ಆ ಕೋಟು ಅಕ್ಕನ ಮೇಜಿಗೆ ಬಂತು. ಅನುಮಾನ ಬಂದು ತೋಳಿಗೆ ಟೇಪು ಹಿಡಿದಳಂತೆ. ಚೀಟಿಯಲ್ಲಿದ್ದ ಅಳತೆಗಿಂತ ಒಂದು ಇಂಚು ಕಡಿಮೆ. ಟೈಲರ್ ಕೈ ಅಷ್ಟು ತಪ್ಪುವ ಕೈಯಲ್ಲ. ಅದರ ಅರ್ಥ ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಗಂಡ ಊಟಕ್ಕೆ ಹೋದಾಗ ಹೊಲಿಗೆ ಬಿಚ್ಚಿ, ತೋಳು ಸಡಿಲಿಸಿ, ಮತ್ತೆ ಹೊಲಿದು, ಇಸ್ತ್ರಿಗೆಂದು ನನ್ನ ಹತ್ತಿರ ತಂದಳು. ಆಗಲೇ ನನಗೆ ಇದೆಲ್ಲ ಹೇಳಿದ್ದು. ಅತ್ತಾಳು ಎಂದುಕೊಂಡೆ. ಅಳುವುದಕ್ಕೂ ತ್ರಾಣ ಬೇಕಲ್ಲ.

ಸಂಜೆ ಟೀಚರಮ್ಮ ಬಂದು ತೊಟ್ಟು ನೋಡಿದರು. ಹೇಳಿ ಮಾಡಿಸಿದ ಹಾಗಿತ್ತು. ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, ಖುಷಿಯಾಗಿ ಹೊರಟೇಹೋದರು. ಟೈಲರ್ ಕೈಯಲ್ಲಿ ಸೀಮೆಸುಣ್ಣ ಹಿಡಿದು ಪೆಚ್ಚಾಗಿ ನಿಂತರು.

"ನೀನು ಬಿಚ್ಚಿದ್ಯಾ?"

"ಹೂಂ."

ಟೈಲರ್ ಸೀಮೆಸುಣ್ಣ ಕೆಳಗಿಟ್ಟರು. "ಬೇರೆ ಏನೂ ಇಲ್ಲ ಕಣೇ. ಯಾರೋ ನನ್ನ ನೋಡೋಕೆ ಬರ್ತಾರೆ ಅನ್ನೋದೇ ಹಿತವಾಗಿತ್ತು."

"ನಾನು ದಿನಾ ಬರ್ತೀನಲ್ಲ ರೀ. ತೋಳು ಸರಿ ಇದ್ರೂ ಬರ್ತೀನಿ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ನಂಗೂ ಸಾಕಾಗಿದೆ. ಇನ್ನೊಂದು ಸಲ ಹೀಗಾದ್ರೆ ಬಿಚ್ಚೋಕೆ ಕೂರಲ್ಲ, ಎದ್ದು ಹೋಗ್ತೀನಿ."

ಟೈಲರ್ ಯಂತ್ರದ ಕಡೆ ತಿರುಗಲಿಲ್ಲ. ಅವಳ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು:

"ಕನ್ನಡಕ ಯಾವಾಗ ಹಾಕ್ಕೊಂಡೆ?"

"ಎರಡು ವರ್ಷ ಆಯ್ತು."