ಗರಗಸದ ಗುರುತಿನ ಬಿಲ್ಲೆ

ನನ್ನ ಯಜಮಾನರ ಹೆಸರು ದೇವರಾಜ. ಬಣಕಲ್ಲಿನಿಂದ ಜಾವಳಿ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿದೆ. ಅಲ್ಲಿ ಬಡಗಿಯಾಗಿದ್ದರು. ಯುದ್ಧದ ಕಾಲದಲ್ಲಿ, ಒಂದು ಆಷಾಢದಲ್ಲಿ, ಚಳಿಜ್ವರ ಬಂದು ತೀರಿಹೋದರು. ದೊಡ್ಡ ಮನುಷ್ಯರೇನಲ್ಲ. ಆದರೆ ಕ್ರಿಸ್‌ಮಸ್ ಹಬ್ಬದ ಉಡುಗೊರೆಗೆ ಅವರು ಒಂದು ಕಟ್ಟು, ಎಂದರೆ ಕಟ್ಟಳೆ, ಮಾಡಿಟ್ಟರು. ನಮ್ಮ ಲೈನಿನಲ್ಲಿ, ಎಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ, ಅದು ಈಗಲೂ ನಡೆಯುತ್ತಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಅವರು ಎತ್ತರದ ಆಳು. ಲೈನಿನ ಮನೆಯ ಬಾಗಿಲು ಅವರ ಹಣೆಗೆ ತಾಗುತ್ತಿತ್ತು. ಮಾತು ಕಡಿಮೆ, ಯಾಕೆಂದರೆ ಬಾಯಲ್ಲಿ ಯಾವಾಗಲೂ ಮೊಳೆ ಕಚ್ಚಿಕೊಂಡಿರುತ್ತಿದ್ದರು. ದೊರೆಯ ಕುರ್ಚಿ, ಗೋದಾಮಿನ ಬಾಗಿಲು, ಲೈನಿನಲ್ಲಿ ಹುಟ್ಟಿದ ಮಕ್ಕಳ ತೊಟ್ಟಿಲು, ಸತ್ತವರ ಪೆಟ್ಟಿಗೆ ಎಲ್ಲ ಅವರ ಕೈಯದೇ. ನಮ್ಮ ಮನೆಯಲ್ಲಿ ಮಾತ್ರ ಕೂರುವ ಒಂದು ಮಣೆ ಬಿಟ್ಟರೆ ಮರದ ಸಾಮಾನು ಇರಲಿಲ್ಲ. ನಾವಿಬ್ಬರೂ ಚಾಪೆಯ ಮೇಲೆ ಮಲಗುತ್ತಿದ್ದೆವು. ಮಕ್ಕಳಿಲ್ಲ. ಮಳೆಗಾಲದಲ್ಲಿ ನೆಲದ ಥಂಡಿ ಅವರ ಎದೆಗೆ ಏರುತ್ತಿತ್ತು. ಒಂದು ಮಂಚ ಮಾಡಿಕೊಳ್ಳಿ ಎಂದರೆ, ಆಗ್ತದೆ ಮಾರಾಯ್ತಿ, ಮೊದಲು ಅವರದ್ದು ಮುಗೀಲಿ ಎನ್ನುತ್ತಿದ್ದರು. ಅವರದ್ದು ಎಂದರೆ ಯಾರದ್ದಾದರೂ.

ನಮ್ಮ ಲೈನಿನಲ್ಲಿ ಮಿಶನ್ನಿಗೆ ಸೇರಿ ಕ್ರೈಸ್ತರಾದವರ ಕೆಲವು ಮನೆಗಳಿದ್ದವು. ಹಲವರಿಗೆ ಹಳೆಯ ಹೆಸರುಗಳೇ ಉಳಿದಿದ್ದವು. ಕ್ರಿಸ್‌ಮಸ್ ಬಂತೆಂದರೆ ಎಲ್ಲರೂ ಎಲ್ಲರಿಗೂ ಕೊಡಬೇಕಿತ್ತು. ಕಾಫಿ ಹಣ್ಣು ಕೊಯ್ಯುವ ಕಾಲ ಬೇರೆ. ದಿನವಿಡೀ ಕೊಯ್ದು, ಬೆನ್ನು ಹಿಡಿದುಕೊಂಡೇ ಬಣಕಲ್ಲಿನ ಅಂಗಡಿಗೆ ಓಡುವುದು. ಅವಳಿಗೆ ಹಾಗೆ ಕೊಟ್ಟೆ, ನನಗೆ ಹೀಗೆ ಕೊಟ್ಟೆ ಎಂದು ಹಬ್ಬ ಮುಗಿದ ಮೇಲೆ ಮುಖ ತಿರುಗಿಸುವುದು.

ನಮ್ಮವರ ಅಕ್ಕ ಬಸಮ್ಮ ಒಂದು ವರ್ಷ ಯಾರಿಗೋ ಹಸಿರು ರವಿಕೆ ಬಟ್ಟೆ ಕೊಟ್ಟಳು. ಆ ಹೆಂಗಸು ಮುಂದಿನ ವರ್ಷ ಅದನ್ನು ಮುದುಕಿ ದೇವೀರಮ್ಮನಿಗೆ ಕೊಟ್ಟಳು. ದೇವೀರಮ್ಮ ಅದನ್ನು ಮಡಚಿದ ಮಡಿಕೆ ಬಿಚ್ಚದೆ ಬಸಮ್ಮನಿಗೆ ಕೊಟ್ಟಳು. ಬಸಮ್ಮ ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದಳು.

"ನೋಡ್ರೇ, ನಾ ಕೊಟ್ಟಿದ್ದು ನಂಗೇ ಬಂತು! ಊರೆಲ್ಲ ಸುತ್ತಿ ಬಂದದೆ. ಪಾಪ, ಅದಕ್ಕೆ ಎಷ್ಟು ಕಾಲು ನೋವಾಗಿರ್ಬೇಕು!"

ದೇವೀರಮ್ಮ ಸೋಲಲಿಲ್ಲ. "ನೀ ಕೊಟ್ಟಿದ್ದು ಅಷ್ಟು ಚಂದ ಇತ್ತಲ್ಲ ಮಾರಾಯ್ತಿ, ಯಾರಿಗೂ ಹೊಲಿಸ್ಕೊಳ್ಳೋಕೆ ಮನಸ್ಸೇ ಬರ್ಲಿಲ್ಲ."

ಎಲ್ಲರೂ ನಕ್ಕರು. ಬಸಮ್ಮ ನಗಲಿಲ್ಲ. ಆ ಜಗಳ ಕಾಫಿ ಹೂ ಬಿಡುವವರೆಗೆ ನಡೆಯಿತು.

ಆಗ ನಮ್ಮವರು ಬಾಯಿಂದ ಮೊಳೆ ತೆಗೆದು ಮಾತನಾಡಿದರು. ಕಾಫಿ ಗಿಡದ ಕೊಂಬೆಯಿಂದ ಸಣ್ಣ ಸಣ್ಣ ಬಿಲ್ಲೆ ಕೊಯ್ದರು. ಓದು ಬಾರದವರೇ ಹೆಚ್ಚು, ಅದಕ್ಕೆ ಒಬ್ಬೊಬ್ಬರಿಗೆ ಒಂದು ಗುರುತು ಕೆತ್ತಿದರು. ಬಸಮ್ಮನಿಗೆ ಒನಕೆ. ಅವಳ ಗಂಡ ಮೇಸ್ತ್ರಿ ಮಾರಯ್ಯನಿಗೆ ಛತ್ರಿ. ನನಗೆ ದೀಪ. ತಮಗೆ ಗರಗಸ. ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಎಲ್ಲ ಬಿಲ್ಲೆಗಳನ್ನೂ ಕಾಫಿ ಕೊಯ್ಯುವ ಕುಕ್ಕೆಗೆ ಹಾಕಿ ಮೇಲೆ ಬಟ್ಟೆ ಮುಚ್ಚುವುದು. ಒಬ್ಬೊಬ್ಬರು ಕೈ ಹಾಕಿ ಒಂದು ತೆಗೆಯುವುದು. ಯಾರ ಬಿಲ್ಲೆ ಬಂತೋ ಅವರಿಗೆ ಮಾತ್ರ ಕೊಡುವುದು, ಒಂದೇ ಒಂದು ಸಾಮಾನು, ಕೈಯಲ್ಲಿ ಮಾಡಿದ್ದು ಅಥವಾ ಬೆಳೆಸಿದ್ದು. ಇಡೀ ಮಳೆಗಾಲ ಮುಂದಿದೆ, ಅವಸರ ಇಲ್ಲ. ಯಾರದು ಬಂತೆಂದು ಹಬ್ಬದವರೆಗೆ ಬಾಯಿ ಬಿಡಬಾರದು. ಕೊಡುವಾಗ ಸಾಮಾನಿನ ಜೊತೆ ಬಿಲ್ಲೆಯನ್ನೂ ಕೊಡಬೇಕು. ತನ್ನದೇ ತನಗೆ ಬಂದರೆ ಕುಕ್ಕೆಗೆ ಹಾಕಿ ಇನ್ನೊಂದು ತೆಗೆಯಬೇಕು.

ಮೊದಲ ವರ್ಷ ಹಲ್ಲಿಲ್ಲದ ದೇವೀರಮ್ಮನಿಗೆ ಎಲೆಅಡಿಕೆ ಕುಟ್ಟುವ ಪುಟ್ಟ ಒರಳು ಬಂತು. ಕೊಟ್ಟವಳು ಬಸಮ್ಮ. ದೇವೀರಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಜಗಳ ಅಲ್ಲಿಗೆ ಮುಗಿಯಿತು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಆ ವರ್ಷ ಬಂತು.

ಕುಕ್ಕೆ ಅವರ ಮುಂದೆ ಬಂದಾಗ ಅವರು ಕೈ ಹಾಕಿದರು. ಬಿಲ್ಲೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮುಷ್ಟಿ ಮುಚ್ಚಿದರು.

"ಎಂತ ದೇವು, ನಿನ್ ಮುಖ ಯಾಕೆ ಹಂಗಾಯ್ತು?" ಎಂದಳು ಬಸಮ್ಮ. "ನನ್ ಬಿಲ್ಲೆ ಬಂತಾ? ಹೆದರ್ಬೇಡ, ನಂಗೆ ಅರಮನೆ ಗಿರಮನೆ ಬೇಡ."

ಅವರು ಬಿಲ್ಲೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡರು.

ಮಳೆ ಹಿಡಿದ ಮೇಲೆ ನಮ್ಮ ಮನೆ ಹತ್ತಿರದ ಅವರ ಬಡಗಿ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹಲಸಿನ ಹಲಗೆ. ಉದ್ದನೆಯ ಪೆಟ್ಟಿಗೆ, ಕೆಳಗೆ ಗಿಡ್ಡ ಕಾಲು, ಮೇಲೆ ಮುಚ್ಚಳ ಇಲ್ಲ. ಏನಿದು ಎಂದೆ. ಮಲಗುವ ಪೆಟ್ಟಿಗೆ, ನೆಲದ ಥಂಡಿಯೂ ತಾಗುವುದಿಲ್ಲ, ಪಕ್ಕದಿಂದ ಗಾಳಿಯೂ ಬರುವುದಿಲ್ಲ ಎಂದರು. ಯಾರಿಗೆ ಎಂದೆ.

"ಕೇಳ್ಬಾರ್ದು. ಉದ್ದ ಇರೋರಿಗೆ."

ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅವರು ಕಾಣಲಿಲ್ಲ. ಪೆಟ್ಟಿಗೆಯ ಹತ್ತಿರ ಹೋದರೆ ಅದರೊಳಗೆ ಮಲಗಿದ್ದರು. ಕಣ್ಣು ಮುಚ್ಚಿತ್ತು. ಕೈ ಎದೆಯ ಮೇಲಿತ್ತು. ಗಂಜಿ ನನ್ನ ಕಾಲ ಮೇಲೆ ಚೆಲ್ಲಿತು.

ಕಣ್ಣು ಬಿಟ್ಟರು. "ಅಳತೆ ನೋಡ್ತಿದ್ದೆ."

"ಎದ್ದೇಳಿ ನೀವು ಮೊದಲು."

"ಸ್ವಲ್ಪ ಸಡಿಲ ಅದೆ. ಒಂದು ಕೌದಿ ಬಿದ್ರೆ ಸರಿ ಹೋಗ್ತದೆ" ಎಂದರು. ಎದ್ದು ಕೂತು ಗಂಜಿ ಕುಡಿದರು. ಅವರ ಬೆನ್ನಿಗೆ ಹಲಗೆ ಕೀಸಿದ ಮರದ ಸುರುಳಿಗಳು ಅಂಟಿದ್ದವು.

ಆ ವಾರವೇ ಜ್ವರ ಬಂತು. ಏಳಲಿಲ್ಲ.

ಅವರು ಹೋದ ದಿನ ಹಳ್ಳ ಉಕ್ಕಿ ಮೂಡಿಗೆರೆ ದಾರಿ ಕಡಿದಿತ್ತು. ಪಾದ್ರಿಗಳು ಬರಲಿಲ್ಲ. ಮರ ಕೊಯ್ಯುವವರೂ ಇರಲಿಲ್ಲ, ಇದ್ದ ಒಬ್ಬ ಬಡಗಿ ಅವರೇ. ಬಣಕಲ್ಲಿನಲ್ಲಿ ಗಾಡಿ ಚಕ್ರ ರಿಪೇರಿ ಮಾಡುವ ತಯ್ಯಬ್ ಸಾಬರು ಅವರ ಸ್ನೇಹಿತರು. ಸುದ್ದಿ ಕೇಳಿ ಗೋಣಿಚೀಲ ಹೊದ್ದು ನಡೆದೇ ಬಂದರು. ಶೆಡ್ಡು ನೋಡಿದರು. ಪೆಟ್ಟಿಗೆ ನೋಡಿದರು.

"ಇದು ಯಾರ್ದಮ್ಮ?"

"ಗೊತ್ತಿಲ್ಲ ಸಾಬ್ರೆ. ಯಾರಿಗೋ ಹಬ್ಬಕ್ಕೆ."

"ಈಗ ಇದೇ ಆಗ್ಬೇಕು. ಬೇರೆ ಹಲಗೆ ಇಲ್ಲ."

ಪೆಟ್ಟಿಗೆಯ ಕಾಲು ಕೊಯ್ದರು. ಶೆಡ್ಡಿನ ಬಾಗಿಲು ಕಿತ್ತು ಮುಚ್ಚಳ ಮಾಡಿದರು. ಅವರನ್ನು ಒಳಗೆ ಮಲಗಿಸಿದ್ದೂ ಸಾಬರೇ. ನಾನು ಪೆಟ್ಟಿಗೆಯೊಳಗೆ ಇಣುಕಲಿಲ್ಲ. ಮಾರಯ್ಯ ಪ್ರಾರ್ಥನೆ ಹೇಳಿದ. ಗುಡ್ಡದ ಇಳಿಜಾರಿನಲ್ಲಿ ಹೊತ್ತುಕೊಂಡು ಹೋಗುವಾಗ ಪೆಟ್ಟಿಗೆಯೊಳಗೆ ಅವರು ಆಚೀಚೆ ಸರಿಯುವ ಸದ್ದು ಕೇಳುತ್ತಿತ್ತು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿದರು. ಸಡಿಲ ಇತ್ತು.

ಅತ್ತು ಮುಗಿದ ಮೇಲೆ ನನ್ನ ತಲೆಗೆ ಒಂದೇ ಯೋಚನೆ ಹತ್ತಿತು. ಯಾರಿಗೋ ಸೇರಬೇಕಾದದ್ದನ್ನು ನಾನು ಮಣ್ಣಿಗೆ ಹಾಕಿದ್ದೇನೆ. ಹಬ್ಬದ ದಿನ ಒಬ್ಬರು ಬರಿಗೈಯಲ್ಲಿ ಕೂತಿರುತ್ತಾರೆ. ಕಟ್ಟು ಮಾಡಿದವರ ಹೆಸರಿನಲ್ಲೇ ಕಟ್ಟು ಮುರಿಯುತ್ತದೆ. ಅವರ ಸೊಂಟದ ಚೀಲ ತಡಕಿದೆ. ಉಪಕರಣದ ಪೆಟ್ಟಿಗೆ ತಡಕಿದೆ. ಅವರು ತೆಗೆದ ಬಿಲ್ಲೆ ಎಲ್ಲಿಯೂ ಸಿಗಲಿಲ್ಲ.

ಬಸಮ್ಮನ ಹತ್ತಿರ ಹೋದೆ. "ಅತ್ತಿಗೆ, ಎಲ್ಲರೂ ಯಾರ್ಯಾರ ಬಿಲ್ಲೆ ಬಂತು ಅಂತ ಹೇಳಿಬಿಟ್ರೆ ಉಳಿದದ್ದು ಯಾರದು ಅಂತ ಗೊತ್ತಾಗ್ತದಲ್ಲ."

"ಬೇಡ ಪ್ರೇಮ. ಹೇಳ್ಬಾರ್ದು ಅಂತ ಅವನೇ ಇಟ್ಟ ಕಟ್ಟು. ಅವನು ಹೋದ ಅಂತ ನಾವು ಮುರಿಯೋದಾ? ಹಬ್ಬದ ದಿನ ಯಾರ ಕೈ ಖಾಲಿ ಇರ್ತದೋ ಅವರೇ."

ಹಾಗಾದರೆ ಆ ಖಾಲಿ ಕೈಗೆ ನಾನು ಕೊಡುತ್ತೇನೆ ಎಂದುಕೊಂಡೆ. ಯುದ್ಧದ ಕಾಲ, ಬಟ್ಟೆ ಸಿಗುತ್ತಿರಲಿಲ್ಲ. ಅವರ ಪಂಚೆ, ಅಂಗಿ, ದೊರೆ ಕೊಟ್ಟ ಹಳೆಯ ಕೋಟು ಎಲ್ಲ ಕತ್ತರಿಸಿದೆ. ಕೌದಿ ಹೊಲಿಯಲು ಕೂತೆ. ಯಾರಿಗೆ ಎಂದು ಗೊತ್ತಿಲ್ಲ, ಉದ್ದ ಇರುವವರಿಗೆ ಎಂದು ಮಾತ್ರ ಗೊತ್ತು. ಉದ್ದಕ್ಕೇ ಹೊಲಿದೆ.

ಆ ಮಳೆಗಾಲದಲ್ಲಿ ಇನ್ನೊಂದು ನಡೆಯಿತು. ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಹತ್ತಿರ ಮರದ ಸುರುಳಿಗಳು. ಹಲಸಿನ ಹಳದಿ ಸುರುಳಿ. ಶೆಡ್ಡಿಗೆ ಬಾಗಿಲಿಲ್ಲ, ಗಾಳಿಗೆ ಹಾರಿ ಬರುತ್ತದೆ ಎಂದು ಶೆಡ್ಡನ್ನೆಲ್ಲ ಗುಡಿಸಿ ಒಲೆಗೆ ಹಾಕಿದೆ. ಮತ್ತೆ ಬಂತು. ಸುತ್ತ ಎಲ್ಲ ಒದ್ದೆ, ಸುರುಳಿ ಮಾತ್ರ ಒಣಗಿರುತ್ತಿತ್ತು. ಮೂಸಿದರೆ ಆಗತಾನೇ ತೆಗೆದಂಥ ವಾಸನೆ. ಯಾರಿಗೂ ಹೇಳಲಿಲ್ಲ. ಗುಡಿಸುತ್ತಿದ್ದೆ, ಹೊಲಿಯುತ್ತಿದ್ದೆ.

ಹಬ್ಬ ಬಂತು. ಎಸ್ಟೇಟಿಗೆ ರಜೆ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಪ್ರಾರ್ಥನೆ ಮುಗಿಸಿ ಎಲ್ಲರೂ ಸುತ್ತಲೂ ಕೂತೆವು. ಮಂಜು ಇನ್ನೂ ಕರಗಿರಲಿಲ್ಲ. ಎದುರಿಗೆ ಕೂತವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

ಒಬ್ಬೊಬ್ಬರೇ ಎದ್ದು ಕೊಟ್ಟರು. ನನಗೆ ಮಾರಯ್ಯನ ಬಿಲ್ಲೆ ಬಂದಿತ್ತು. ಹೊಗೆಸೊಪ್ಪು ಇಡುವ ಚೀಲ ಹೊಲಿದು ಕೊಟ್ಟೆ. ಬಸಮ್ಮ ಕಂಕುಳಲ್ಲಿ ಒಂದು ಕಪ್ಪು ಕೋಳಿ ಹಿಡಿದು ನನ್ನ ಮುಂದೆ ಬಂದಳು. ಅದರ ಕಾಲಿಗೆ ನನ್ನ ದೀಪದ ಬಿಲ್ಲೆ ಕಟ್ಟಿತ್ತು.

"ಮರಿಯಿಂದ ಸಾಕಿದ್ದು, ನಿಂಗೇ ಅಂತ. ಮನೇಲಿ ಒಂದು ಸದ್ದಾದ್ರೂ ಇರ್ಲಿ. ಕೊಯ್ದು ತಿಂದೆಯೋ, ನೋಡು ಮತ್ತೆ!"

ಕೊಡುವುದು ಮುಗಿಯಿತು. ನಾನು ಕೌದಿ ಹಿಡಿದು ಎದ್ದು ನಿಂತೆ.

"ಯಾರಿಗೆ ಬಂದಿಲ್ಲವೋ ಅವರು ಹೇಳಿ. ಇದು ಅವರಿಗೆ. ನಮ್ಮವರ ಲೆಕ್ಕದ್ದು."

ಎಲ್ಲರೂ ತಮ್ಮ ತಮ್ಮ ಮಡಿಲು ನೋಡಿಕೊಂಡರು.

"ನಾಚಿಕೆ ಬೇಡ, ಹೇಳಿ."

ಒಬ್ಬೊಬ್ಬರೂ ತಮ್ಮ ತಮ್ಮ ಬಿಲ್ಲೆ ಎತ್ತಿ ತೋರಿಸಿದರು. ಒನಕೆ, ಛತ್ರಿ, ಬಾಳೆಗೊನೆ. ಯಾರ ಕೈಯೂ ಖಾಲಿ ಇರಲಿಲ್ಲ. ಸತ್ತವರೊಬ್ಬರು ಕೊಡಬೇಕಿತ್ತು, ಆದರೂ ಎಲ್ಲರಿಗೂ ಸಿಕ್ಕಿತ್ತು.

"ಹಾಗಾದ್ರೆ ಅವರ ಗರಗಸದ ಬಿಲ್ಲೆ ಯಾರ ಹತ್ರ ಅದೆ? ಅವರಿಗೆ ಅಂತ ಮಾಡಿದ್ದು ಯಾರಾದ್ರೂ ಇಟ್ಕೊಂಡಿದೀರಾ?"

ಅದೂ ಯಾರ ಹತ್ತಿರವೂ ಇರಲಿಲ್ಲ.

ದೇವೀರಮ್ಮ ಒರಳನ್ನು ಮಡಿಲಿಗೆ ಎಳೆದುಕೊಂಡಳು. "ಅವನೇ ಬಂದು ತನ್ನ ಪಾಲಿಂದು ಕೊಟ್ಟು ಹೋಗಿರ್ಬೇಕು" ಎಂದು ಮೆಲ್ಲಗೆ ಹೇಳಿದಳು. ಹೆಂಗಸರು ಹತ್ತಿರ ಹತ್ತಿರ ಸರಿದು ಕೂತರು. ಬಸಮ್ಮ ಸುಮ್ಮನಿರಮ್ಮ ಎಂದು ಗದರಿದಳು, ಆದರೆ ಅವಳ ಕಣ್ಣೂ ಮಂಜಿನ ಕಡೆಗೇ ಇತ್ತು. ನನ್ನ ಕಂಕುಳಲ್ಲಿ ಕೋಳಿ ಒಂದೇ ಸಮ ಕೊಸರುತ್ತಿತ್ತು.

ಮಂಜಿನಿಂದ ಒಬ್ಬರು ಬಂದರು. ಎಲ್ಲರೂ ಉಸಿರು ಹಿಡಿದರು. ತಯ್ಯಬ್ ಸಾಬರು. ಪ್ರತಿ ಹಬ್ಬಕ್ಕೂ ಬೆಲ್ಲ ತರುತ್ತಿದ್ದರು, ಆ ವರ್ಷವೂ ತಂದಿದ್ದರು.

"ಎಂತ ಮಾರಾಯ್ರೆ, ಹಬ್ಬದ ದಿನ ಎಲ್ಲ ಹೀಗೆ ಕೂತಿದೀರಿ?"

ಮಾರಯ್ಯ ಹೇಳಿದ. ಗರಗಸದ ಗುರುತಿನ ಬಿಲ್ಲೆ ಒಂದು ಸಿಗುತ್ತಿಲ್ಲ ಎಂದ.

ಸಾಬರು ಬೆಲ್ಲ ಕೆಳಗಿಟ್ಟರು. "ಗರಗಸದ್ದಾ? ಇಷ್ಟೇ ಇಷ್ಟು, ಉರುಟು? ಅದು ಪೆಟ್ಟಿಗೇಲಿ ಇತ್ತಲ್ಲ. ತಲೆ ಕಡೆ ಹಲಗೇಲಿ, ಒಳಗಡೆ. ಗುಳಿ ತೆಗೆದು ಕೂರಿಸಿದ್ದ. ಎಷ್ಟು ಚೊಕ್ಕ ಅಂದ್ರೆ ಉಗುರು ಹೋಗ್ತಿರ್ಲಿಲ್ಲ. ಮಾಡಿದೋನು ತನ್ನ ಗುರುತು ಹಾಕಿದಾನೆ ಅಂತ ನಾನು ಸುಮ್ಮನಾದೆ."

ಆಮೇಲೆ ಮಾರಯ್ಯನೇ ಹೇಳಿದ.

"ಕುಕ್ಕೆಯಲ್ಲಿ ಅವನಿಗೆ ಅವನದೇ ಬಂದಿತ್ತು. ವಾಪಸ್ ಹಾಕ್ಲಿಲ್ಲ. ತನಗೆ ತಾನೇ ಮಾಡ್ಕೊಂಡ."

ಬಸಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. "ಒಂದು ಮಂಚ ಬೇಕು ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತಾ ಇವನು? ನಾಚಿಕೆ ಆಯ್ತಾ?"

ನಾನು ಅಳಲಿಲ್ಲ. ನನ್ನ ಎದೆಯ ಮೇಲಿನ ಒಂದು ಭಾರ ಇಳಿದಿತ್ತು. ಯಾರದನ್ನೂ ನಾನು ಮಣ್ಣಿಗೆ ಹಾಕಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಮಾಡಿದವರು ಒಂದೇ ಒಂದು ಸಲ ತಮಗೆ ಎಂದು ಮಾಡಿಕೊಂಡಿದ್ದರು, ಅದು ಅವರಿಗೇ ಸೇರಿತ್ತು, ಬಿಲ್ಲೆಯ ಸಮೇತ. ನನ್ನಿಂದ ಕಟ್ಟು ಮುರಿದಿರಲಿಲ್ಲ. ಆದರೆ ಅಳತೆ ನೋಡಿದ ಆ ಮಧ್ಯಾಹ್ನ ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ನಾನು ಹೇಳಲಾರೆ.

ಕೌದಿ ಕೈಯಲ್ಲೇ ಉಳಿಯಿತು. ಬಿಸಿಲೇರಿದ ಮೇಲೆ ಒಬ್ಬಳೇ ಗುಡ್ಡ ಹತ್ತಿದೆ. ಅವರ ಮಣ್ಣಿನ ಮೇಲೆ ಅದನ್ನು ಹಾಸಿದೆ. ತಲೆಯಿಂದ ಕಾಲಿನವರೆಗೆ ಸರಿಯಾಗಿ ಬಂತು.

"ಸಡಿಲ ಅದೆ ಅಂದಿದ್ರಲ್ಲ, ತಗೊಳ್ಳಿ" ಎಂದೆ. ಬಂದುಬಿಟ್ಟೆ.

ಮರುದಿನ ಕೊಯ್ಲಿಗೆ ಹೋಗುವಾಗ ನೋಡಿದೆ. ಕೌದಿ ಇರಲಿಲ್ಲ. ಚಳಿಯ ಕಾಲ, ಯಾರಾದರೂ ಒಯ್ದಿರಬಹುದು. ಆದರೆ ದೊರೆಯ ಕೋಟಿನ ತೇಪೆ ಇರುವ ಕೌದಿಯನ್ನು ನಮ್ಮ ಲೈನಿನಲ್ಲಿ ಬಚ್ಚಿಡಲು ಆಗುವುದಿಲ್ಲ. ಯಾರ ಮನೆಯಲ್ಲೂ, ಯಾರ ಹಿತ್ತಲ ಹಗ್ಗದ ಮೇಲೂ ಅದನ್ನು ನಾನು ನೋಡಿಲ್ಲ. ಕೇಳಲೂ ಇಲ್ಲ.

ಆ ಕೋಳಿ ಈಗಲೂ ಮೊಟ್ಟೆ ಇಡುತ್ತದೆ. ಬೆಳಗ್ಗೆ ಬಾಗಿಲು ತೆಗೆದರೆ ಅದು ಹೊಸ್ತಿಲ ಹತ್ತಿರ ಕೆದಕುತ್ತಾ ಇರುತ್ತದೆ. ಕೌದಿ ಹಾಸಿದ ದಿನದಿಂದ ಅಲ್ಲಿಗೆ ಮರದ ಸುರುಳಿ ಬಂದಿಲ್ಲ.